ಹೋಗುವಷ್ಟೇ ಎಣ್ಣೆ

ಮಂಕಿ
ಜನವರಿ ೨೧, ಬುಧವಾರ

ಕಲ್ಪನಾಳ ಅಪ್ಪನಿಗೆ ಪರಮೇಶ್ವರಿಯ ನಮಸ್ಕಾರಗಳು.

ಹೇಗಿದ್ದೀರಿ? ಕೈಯ ಗಾಯ ಮಾಗಿತೇ? ದಿನವಿಡೀ ಉಪ್ಪುನೀರಿನಲ್ಲಿ ಬಲೆ ಎಳೆಯುವ ಕೈಗೆ ಬಟ್ಟೆ ಸುತ್ತಿಕೊಂಡರೆ ಸಾಲದು. ಬೋಟು ವಾಸ್ಕೋ ದಡಕ್ಕೆ ಬಂದ ದಿನವಾದರೂ ಡಾಕ್ಟರರಿಗೆ ತೋರಿಸಿ. ಹೊತ್ತಿಗೆ ಸರಿಯಾಗಿ ಉಣ್ಣಿ. ಫೋನು ಇರುವಾಗ ಇದೆಂತ ಕಾಗದ ಎಂದು ನಗಬೇಡಿ. ಫೋನಿನಲ್ಲಿ ನಾನು ನಾಲ್ಕು ಮಾತಾಡುವಷ್ಟರಲ್ಲಿ ‘ಆತು, ಆತು, ಮತ್ತೆ ಮಾಡ್ತೆ’ ಎಂದು ಇಟ್ಟುಬಿಡುತ್ತೀರಿ. ಈ ಸಲ ಪೂರ್ತಿ ಕೇಳಲೇಬೇಕು. ಕಲ್ಪನಾ ಆರಾಮ ಇದ್ದಾಳೆ. ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತೇನೆ ಎನ್ನುತ್ತಾಳೆ, ಪುಸ್ತಕ ತೆರೆದಿಟ್ಟು ಕನ್ನಡಿ ನೋಡುತ್ತಾಳೆ. ನಿಮ್ಮ ಮಗಳೇ ಹೌದು.

ದೋಣಿಯ ಸೀಮೆಎಣ್ಣೆ ಬರದೆ ಇದು ನಾಲ್ಕನೆಯ ತಿಂಗಳು. ಪರ್ಮಿಟ್ ಪುಸ್ತಕ ಹಿಡಿದು ಮೂರು ಸಲ ಹೊನ್ನಾವರಕ್ಕೆ ಹೋಗಿ ಬಂದೆ. ಮೀನುಗಾರಿಕೆ ಕಚೇರಿಯವರು ಕೆಟ್ಟವರಲ್ಲ, ಕೂರಿಸಿ ನೀರು ಕೊಟ್ಟರು. ‘ಎಂತ ಮಾಡೂದು ಅಕ್ಕಾ, ಸಬ್ಸಿಡಿ ಹಣ ಮೇಲಿಂದ ಬರ್ಲಿಲ್ಲ. ಹಳೇ ಸಾಲದ ಬಡ್ಡಿ ಕಟ್ಟೂಕೇ ಸರ್ಕಾರ ಹೊಸ ಸಾಲ ತೆಗೀತದೆ’ ಎಂದರು. ಆ ಸಾಲ ತೀರಿಸುವವರು ಯಾರು ಎಂದು ಕೇಳಿದೆ. ‘ನಾವು ನೀವೇ, ಪೆಟ್ರೋಲ್ ಬಂಕಿನಲ್ಲಿ ತೆರಿಗೆ ಕಟ್ಟಿ’ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಯಾವ ಸಾಲದ ಕಾಗದಕ್ಕೆ ನಾನು ಸಹಿ ಹಾಕಿದ್ದೇನೆ ನೀವೇ ಹೇಳಿ, ಸೊಸೈಟಿಯಲ್ಲಿ ಹತ್ತು ಸಾವಿರ ಕೇಳಿದರೆ ಇಬ್ಬರು ಜಾಮೀನು ತಾ ಎನ್ನುತ್ತಾರೆ. ಸೀಮೆಎಣ್ಣೆ ಇಲ್ಲದ ಮೇಲೆ ಎಂಜಿನ್ನಿಗೆ ಬಂಕಿನ ಪೆಟ್ರೋಲೇ ಗತಿ, ಅದು ಮತ್ತೆ ಏರಿತು. ಅದರ ಹಿಂದೆಯೇ ಐಸು ಏರಿತು, ಟೆಂಪೋದವನು ಬುಟ್ಟಿಗೆ ಹತ್ತು ರೂಪಾಯಿ ಹೆಚ್ಚು ಮಾಡಿದ. ನನಗೆ ಸರಕಾರಿ ಬಸ್ಸು ಪುಕ್ಕಟೆ, ಸುಳ್ಳು ಹೇಳಬಾರದು. ಆದರೆ ಮೀನಿನ ಬುಟ್ಟಿ ಕಂಡರೆ ಕಂಡಕ್ಟರು ಸೀಟಿ ಊದಿ ಹೋಗಿಬಿಡುತ್ತಾನೆ. ಬುಟ್ಟಿ ಇಲ್ಲದೆ ಕುಮಟೆಯ ಮೀನುಪೇಟೆಗೆ ಹೋಗಿ ನಾನು ಯಾರ ಮುಖ ನೋಡಲಿ?

ಇನ್ನು ಮಾವನ ವಿಷಯ. ಜೊತೆಗೆ ಹೋಗುತ್ತಿದ್ದ ದಿವಾಕರ, ಗಿಟ್ಟುವುದಿಲ್ಲ ಎಂದು ಮಲ್ಪೆಗೆ ಹೋದ ಮೇಲೆ ನಿಮ್ಮಪ್ಪ ಒಬ್ಬರೇ ಸಮುದ್ರಕ್ಕೆ ಹೋಗುವುದು ನಿಮಗೆ ಗೊತ್ತೇ ಇದೆ. ಅರವತ್ತೆಂಟು ವರ್ಷ. ಹೋದ ಶುಕ್ರವಾರ ನಸುಕಿಗೆ ಹೋದವರು ಊಟದ ಹೊತ್ತಿಗೆ ಬರಲಿಲ್ಲ. ಮೂರಾಯಿತು, ನಾಲ್ಕಾಯಿತು, ಫೋನು ಹತ್ತುತ್ತಿಲ್ಲ. ನಾನು ದಂಡೆಯ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡಿದೆ, ಯಾರು ಮಾತಾಡಿಸಿದರೂ ರೇಗಿದೆ. ಪಕ್ಕದ ಮನೆಯ ವಿನಾಯಕ ಹುಡುಕಿ ಬರುತ್ತೇನೆಂದು ದೋಣಿ ನೂಕಿದ, ನೋಡಿದರೆ ಅವನ ಕ್ಯಾನಿನಲ್ಲೂ ಎಣ್ಣೆ ಇಲ್ಲ. ನಾಲ್ಕು ಮನೆಯ ಬೈಕು ದಂಡೆಗೆ ತಂದು, ಹೆಂಗಸರು ವಾಲಿಸಿ ಹಿಡಿದು, ಪೈಪು ಹಾಕಿ ಪೆಟ್ರೋಲ್ ಬಸಿದು ಕೊಟ್ಟೆವು.

ಹೊತ್ತು ಮುಳುಗಿದ ಮೇಲೆ ವಿನಾಯಕ ಮಾವನ ದೋಣಿ ಎಳೆದು ತಂದ. ನೇತ್ರಾಣಿ ದ್ವೀಪದ ದಿಕ್ಕಿಗೆ ಬಹಳ ದೂರ ತೇಲಿಹೋಗಿದ್ದರಂತೆ. ಹುಟ್ಟು ಹಾಕಿ ಹಾಕಿ ಎರಡೂ ಅಂಗೈಯ ಚರ್ಮ ಎದ್ದಿತ್ತು. ಎಂಜಿನ್ ಕೆಟ್ಟಿತೇ ಎಂದರೆ ಇಲ್ಲ, ಕ್ಯಾನು ಖಾಲಿ. ತುಂಬಿಸಿಕೊಂಡು ಹೋದದ್ದೇ ಅರ್ಧ. ನಾನು ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರೆ ಅವರು ತಣ್ಣಗೆ ಹೇಳುತ್ತಾರೆ: ‘ಹೋಗೂಕೆ ಎಂಜಿನ್ ಬೇಕು. ಬರೂಕೆ ಎಂತಕ್ಕೆ? ಮಧ್ಯಾಹ್ನ ಪಡುಗಾಳಿ ಎದ್ದಾಗ ತಾಡಪಾಲನ್ನೇ ಹಾಯಿ ಮಾಡಿ ಕಟ್ಟಿರೆ ಅದೇ ದಡಕ್ಕೆ ತಂದು ಬಿಡ್ತದೆ.’ ಆ ದಿನ ಪಡುಗಾಳಿ ಏಳಲೇ ಇಲ್ಲ, ಮೂಡುಗಾಳಿ ಸಂಜೆಯವರೆಗೂ ಹೊರಗೇ ನೂಕಿತು. ಆಮೇಲೆ ಇನ್ನೊಂದು ಮಾತು ಹೇಳಿದರು. ‘ನಿನ್ನ ಗಂಡ ಗೋವೆಗೆ ಹೋಗೂ ಮುಂಚೆ ಎರಡು ವರ್ಷ ಹಂಗೇ ಬಂದದ್ದು, ಅವನಿಗೆ ಎಂತಾತು?’

ನನಗೆ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಎರಡು ವರ್ಷ ನಿಮ್ಮ ಗಂಜಿ ಆರಿ ಹೋಗುತ್ತಿತ್ತು, ತಡ ಯಾಕೆ ಎಂದರೆ ‘ಮೀನಿಗೆ ಕಾದೆ’ ಎನ್ನುತ್ತಿದ್ದಿರಿ. ನಾನು ಪೆದ್ದಿ, ಮೀನು ಕಡಿಮೆ ಇದ್ದ ದಿನ ಬೈಯುತ್ತಲೂ ಇದ್ದೆ. ನೀವು ಅಲ್ಲಿ ಎಣ್ಣೆ ಇಲ್ಲದ ದೋಣಿಯಲ್ಲಿ ಗಾಳಿ ಬರುತ್ತದೋ ಇಲ್ಲವೋ ಎಂದು ಕೂತಿರುವಾಗ ನಾನು ಇಲ್ಲಿ ಟಿ.ವಿ. ನೋಡುತ್ತಿದ್ದೆ. ಸಿಟ್ಟು ಬಂತು. ಕಲ್ಪನಾ ಮಲಗಿದ ಮೇಲೆ ಅತ್ತುಬಿಟ್ಟೆ. ಈಗ ಬರೆಯುವಾಗ ಮತ್ತೆ ಸಿಟ್ಟೇ ಬರುತ್ತಿದೆ.

ಹೇಳಿ ನೋಡಿದೆ, ಬೇಡಿಕೊಂಡೆ. ‘ಮಗ ಪರಊರಲ್ಲಿ ದುಡಿದದ್ದು ಕೂತು ತಿಂಬವ ನಾನಲ್ಲ’ ಎಂದರು. ಗೃಹಲಕ್ಷ್ಮಿಯ ಎರಡು ಸಾವಿರ ತಡವಾಗಿಯಾದರೂ ಬಂತಲ್ಲ, ಅದರಲ್ಲಿ ಸೋಮವಾರ ಸಂಜೆ ಕ್ಯಾನು ತುಂಬ ಪೆಟ್ರೋಲ್ ತಂದುಕೊಟ್ಟೆ. ಮರುದಿನ ನಸುಕಿಗೆ ನಾನು ಒಳಗೆ ಹೋದದ್ದೇ ತಡ, ಅರ್ಧ ಬೇರೆ ಡಬ್ಬಕ್ಕೆ ಸುರಿದಿಟ್ಟು ‘ಇದು ನಾಳೆಗಾತು’ ಎಂದು ಹೊರಟರು. ಇವತ್ತೂ ಅರ್ಧ ಕ್ಯಾನಿನಲ್ಲೇ ಹೋಗಿ ಬಂದರು. ಅಂಗೈ ಇನ್ನೂ ಒಣಗಿಲ್ಲ. ಎಣ್ಣೆ ತಂದುಕೊಟ್ಟರೂ ನಿಲ್ಲದವರನ್ನು ಯಾವ ಮಾತಿನಿಂದ ನಿಲ್ಲಿಸಲಿ?

ಕಲ್ಪನಾ ನಿಮಗೆ ನಮಸ್ಕಾರ ಹೇಳಿದ್ದಾಳೆ, ಬರುವಾಗ ಗೋವೆಯ ಗೋಡಂಬಿ ತರಬೇಕಂತೆ. ನಿಮ್ಮ ಬೋಟಿನ ಎಲ್ಲರನ್ನೂ ದೇವರು ಬೆಳಕಿರುವಾಗಲೇ ದಡ ಸೇರಿಸಲಿ.

ನಿಮ್ಮ
ಪರಮೇಶ್ವರಿ

ತಾ.ಕ.: ಗೋವೆಗೆ ಹೊರಟ ಮೀನಿನ ಲಾರಿಯ ಡ್ರೈವರ್ ನಿತ್ಯಾನಂದ ಹಾರ್ನ್ ಹೊಡೆಯುತ್ತಿದ್ದಾನೆ. ಈ ಕಾಗದದ ಜೊತೆ ಅವನು ಒಂದು ಗೋಣಿಚೀಲ ಕೊಡುತ್ತಾನೆ. ಅದರಲ್ಲಿರುವುದು ನಮ್ಮ ಎಂಜಿನ್ನಿನ ಪಂಖ, ನೀರಿನಲ್ಲಿ ತಿರುಗುವುದು. ಮಧ್ಯಾಹ್ನ ಮಾವ ಮಲಗಿದಾಗ ನಾನೇ ಬಿಚ್ಚಿದೆ. ನಾಳೆ ನಸುಕಿಗೆ ಅವರಿಗೆ ಗೊತ್ತಾಗುತ್ತದೆ, ಬೈಗುಳ ನನಗಿರಲಿ. ಹೊಸದು ಕೊಳ್ಳುವ ಶಕ್ತಿ ಅವರಿಗಿಲ್ಲ. ನೀವೇ ತಂದು ನಿಮ್ಮ ಕೈಯಾರೆ ಹಾಕಬೇಕು, ಎರಡು ದಿನದ ಸಂಬಳ ಹೋದರೆ ಹೋಗಲಿ. ನಾನು ಹೇಳಿದರೆ ಹೆಂಗಸರ ಹೆದರಿಕೆ ಎನ್ನುತ್ತಾರೆ. ಆ ಎರಡು ವರ್ಷ ಗಾಳಿಗೆ ಕಾದು ಕೂತಾಗ ನಿಮಗೂ ಹೆದರಿಕೆಯಾಗಿತ್ತು ಎಂದು ಅವರೆದುರು ನಿಂತು ಹೇಳಿ.