ನಿನ್ನ ಕಂಪ್ಯೂಟರಿಗೆ ಹಾಕಿಸಿದ ರ‍್ಯಾಮ್

ಹೊಸಪೇಟೆ
೧೪ ನವೆಂಬರ್ ೨೦೦೭

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಅದಿರಿನ ಧೂಳಿಗೆ ಹಿಡಿದಿದ್ದ ಕೆಮ್ಮು ಬಳ್ಳಾರಿಗೆ ಹೋದ ಮೇಲಾದರೂ ಬಿಟ್ಟಿತೇ? ಆಫೀಸಿನಲ್ಲಿ ಎ.ಸಿ. ಇದೆ ಎಂದಿದ್ದೆ, ಕಿವಿಗೆ ಗಾಳಿ ಬಡಿಯದಂತೆ ಕೂತುಕೋ. ಅವ್ವ ಆರಾಮಾಗಿದ್ದಾಳೆ. ಒಂದು ತಿಂಗಳಿಂದ ನನ್ನ ಜೊತೆಗೇ ಇದ್ದಾಳೆ.

ನೀನು ಬಿಟ್ಟುಹೋದ ಕಂಪ್ಯೂಟರಿನಿಂದಲೇ ನನ್ನ ಟೈಪಿಂಗ್ ಅಂಗಡಿ ನಡೆಯುತ್ತಿದೆ. ಈಚೆಗೆ ಮಾತ್ರ ಅದು ಸಾಕುಬೇಕು ಮಾಡಿತ್ತು. ಅರ್ಜಿ ಟೈಪ್ ಮಾಡುವಾಗ ಇನ್ನೊಂದು ಫೈಲು ತೆರೆದರೆ ಒಳಗೆ ಗರಗರ ಸದ್ದು, ಆಮೇಲೆ ಎಲ್ಲ ಸ್ತಬ್ಧ. ರಿಪೇರಿಯ ಹಾಲಸ್ವಾಮಿಯನ್ನು ಕರೆಸಿದೆ. "ಹೊಸಾದು ಬ್ಯಾಡಕ್ಕಾ, ಮಿಷನ್ ಗಟ್ಟಿ ಐತಿ. ರ‍್ಯಾಮ್ ಅರವತ್ನಾಕ ಎಂ.ಬಿ. ಐತಿ ನೋಡು, ಜಾಗ ಸಾಲದಂಗಾಗಿ ಹಾರ್ಡ್ ಡಿಸ್ಕಿಗೆ ಓಡಾಡತೈತಿ, ಅದಕ್ಕ ನಿಲ್ತೈತಿ" ಎಂದು ಇನ್ನೂರ ಐವತ್ತಾರು ಎಂ.ಬಿ.ಯ ರ‍್ಯಾಮ್ ಪಟ್ಟಿಯೊಂದನ್ನು ಕೂರಿಸಿದ. ಪ್ರೊಸೆಸರ್ ಹಳೆಯದೇ ಆದ್ದರಿಂದ ಶುರುವಾಗಲು ಈಗಲೂ ಹೊತ್ತು ಬೇಕು. ಆದರೆ ನಾಲ್ಕು ಫೈಲು ಒಟ್ಟಿಗೆ ತೆರೆದರೂ ನಿಲ್ಲುವುದಿಲ್ಲ. ಬೆರಳು ಹಿಡಿದು ಕೀ ಒತ್ತಲು ಕಲಿಸಿದವನು ನೀನು, ನೋಡಿದ್ದರೆ ಖುಷಿಪಡುತ್ತಿದ್ದೆ ಅಂದುಕೊಂಡೆ.

ನನ್ನ ಖುಷಿ ಒಂದೇ ದಿನದ್ದು. ನಮ್ಮ ಕೇರಿಯ ಉಚ್ಚೆಂಗೆಪ್ಪ ಮಾವ ಮಾಹಿತಿ ಹಕ್ಕಿನಲ್ಲಿ ತರಿಸಿದ ಸಿ.ಡಿ.ಯೊಂದನ್ನು ಓದಿ ಹೇಳೆಂದು ಕೊಟ್ಟಿದ್ದರು. ಗುಡ್ಡದ ಕೆಳಗಿನ ಗೋಮಾಳ ಗಣಿ ಕಂಪನಿಯ ಕೈಗೆ ಹೇಗೆ ಹೋಯಿತು ಎಂಬ ಕಾಗದಗಳು. ಪಾಪ, ಮೇವಿಲ್ಲದೆ ಕುರಿ ಮಾರಿದ ಮೇಲೆ ಅವರೀಗ ಲಾರಿಗೆ ಅದಿರು ತುಂಬುತ್ತಾರೆ. ದೊಡ್ಡ ಫೈಲು, ತೆರೆಯಲು ಹೋದಾಗಲೆಲ್ಲ ಕಂಪ್ಯೂಟರ್ ನಿಲ್ಲುತ್ತಿತ್ತು. ಮೊನ್ನೆ ಸರಾಗವಾಗಿ ತೆರೆಯಿತು. ಕೇರಿಯವರೆಲ್ಲ ಗೋಮಾಳ ಬಿಟ್ಟುಕೊಡಲು ಒಪ್ಪಿದ ಪತ್ರ. ಸಾಲಾಗಿ ಹೆಬ್ಬೆಟ್ಟುಗಳು, ಆರನೆಯದರ ಪಕ್ಕ 'ಸುಂಕಲಮ್ಮ' ಎಂದು ಅವ್ವನ ಹೆಸರು. ಕೊನೆಯಲ್ಲಿ, 'ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿದವರು' ಎಂಬಲ್ಲಿ ನಿನ್ನ ಸಹಿ.

ಎರಡು ವರ್ಷದ ಹಿಂದೆ ಸಮುದಾಯ ಭವನದ ಕಟ್ಟೆಯ ಮೇಲೆ ಕೂತು, "ಪಿಂಚಣಿ ಕಾಗದ ಬಂದಾವು, ಎಲ್ಲಾರೂ ಜಲ್ದಿ ಬರ್ರಿ" ಎಂದು ನೀನು ಕೂಗಿದ್ದು ನನಗೆ ನೆನಪಿದೆ. ಓದಿದ ಹುಡುಗ ಹೇಳುತ್ತಿದ್ದಾನೆಂದು ಎಲ್ಲರೂ ಬಂದರು. ಒಬ್ಬೊಬ್ಬರ ಬೆರಳಿಗೂ ಶಾಯಿ ಹಚ್ಚಿದವಳು ನಾನು. ಪಿಂಚಣಿ ಯಾರಿಗೂ ಬರಲಿಲ್ಲ. ಮರುತಿಂಗಳು ಅದೇ ಕಂಪನಿಯಲ್ಲಿ ನಿನಗೆ ಕೆಲಸ ಸಿಕ್ಕಿತು. ನಾನು ಮನೆಮನೆಗೆ ಸಕ್ಕರೆ ಹಂಚಿ ಬಂದೆ. ಆ ಕೈಯನ್ನು ಈಗ ಏನು ಮಾಡಲಿ, ಅಣ್ಣಾ?

ಹೊತ್ತಿಗೆ ಸರಿಯಾಗಿ ಉಣ್ಣು. ಇದಕ್ಕಿಂತ ಹೆಚ್ಚು ಹಾರೈಸಲು ಇವತ್ತು ಮನಸ್ಸು ಬರುತ್ತಿಲ್ಲ.

ನಿನ್ನ ತಂಗಿ,
ಸಂಘಮಿತ್ರಾ

ವಿ.ಸೂ.: ಕೇರಿಯವರ ದೂರು ನಾಳೆ ಪೊಲೀಸರಿಗೆ ಹೋಗುತ್ತದೆ. ಟೈಪ್ ಮಾಡುವಾಗ ಮೋಸ ಮಾಡಿದವರ ಹೆಸರಿನ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ. ಓದಿ ಹೇಳಿದಾಗ ಅವ್ವ ಅಲ್ಲೇ ತಡೆದಳು: "ಯಾಕ ಬಿಟ್ಟಿ? ಸುಂಕಲಮ್ಮನ ಮಗ ಪ್ರವೀಣ ಅಂತ ಬರಿ."

ಬರೆದಿದ್ದೇನೆ.