ಬಾವಿ ಬಾಗಿಲ ಮನೆಯ ಅಗಳಿ

ಅಟ್ಟಣೆಪುರ, ಮೂವತ್ತೊಂದನೆಯ ನೆಲೆ
ಶಾಲಿವಾಹನ ಶಕ ೨೧೨೧, ವಿಕಾರಿ ಸಂವತ್ಸರ, ಉರಿಮಾಸದ ಮೂವತ್ತೆಂಟನೆಯ ದಿನ

ಮುಕ್ತಾಳ ಮಕ್ಕಳಿಗೂ ಮೊಮ್ಮಕ್ಕಳಿಗೂ ಅವಳ ಸೋದರತ್ತೆ ನೀಲಗಂಗಾ ಮಾಡುವ ಆಶೀರ್ವಾದಗಳು.

ಉರಿಮಾಸವೆಂಬ ತಿಂಗಳು ನಿಮ್ಮ ಪಂಚಾಂಗದಲ್ಲಿ ಇರಲಿಕ್ಕಿಲ್ಲ; ನನ್ನ ಅಜ್ಜಿಯ ಪಂಚಾಂಗದಲ್ಲಿಯೂ ಇರಲಿಲ್ಲ. ಹಗಲಿನಲ್ಲಿ ಯಾರೂ ಹೊರಗೆ ಕಾಲಿಡಬಾರದ ನಲವತ್ತು ದಿನಗಳನ್ನು ಚೈತ್ರ ವೈಶಾಖಗಳಿಂದ ಕಡಿದು ತೆಗೆದು ನಾವು ಆ ಹೆಸರು ಕೊಟ್ಟಿದ್ದೇವೆ. ಇಂಥ ಮಾತುಗಳು ಮುಂದೆಯೂ ಕೆಲವು ಬರುತ್ತವೆ. ಅವುಗಳ ವಿಚಿತ್ರತೆಗಾಗಿ ಕ್ಷಮೆ ಕೇಳುತ್ತೇನೆ. ಬಂದಲ್ಲಿ ಅರ್ಥವನ್ನೂ ಹೇಳುತ್ತೇನೆ. ನನ್ನ ಕನ್ನಡಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಒಂದನೆಯ ತರಗತಿಯಿಂದ ಕೊನೆಯ ಪರೀಕ್ಷೆಯವರೆಗೆ ಕನ್ನಡದಲ್ಲಿಯೇ ಓದಿದವಳು, ಇಪ್ಪತ್ತೊಂಬತ್ತು ವರ್ಷ ಕನ್ನಡದಲ್ಲಿಯೇ ಇತಿಹಾಸ ಕಲಿಸಿದವಳು ನಾನು. ವಾಕ್ಯ ಉದ್ದವೆನಿಸಿದರೆ ಎರಡನೆಯ ಸಲ ಓದಿಕೊಳ್ಳಿ.

ವಿಷಯಕ್ಕೆ ಬರುತ್ತೇನೆ. ಮುಂದಿನ ಪಾರ್ಥಿವ ಸಂವತ್ಸರದಲ್ಲಿ, ಅಂದರೆ ಇಂದಿಗೆ ನಲವತ್ತಾರು ವರ್ಷಗಳ ನಂತರ, ಕೆಂಬರೆ ನಗರದಿಂದ ನಿಮಗೊಂದು ಕಾಗದ ಬರುತ್ತದೆ. ಕೋಟೆಯೊಳಗಿನ ಬಾವಿ ಬಾಗಿಲ ಮನೆ ನಿಮ್ಮದು, ಸಂಸಾರ ಸಮೇತ ಬಂದು ನೆಲೆಸಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಹದಿನಾಲ್ಕು ವರ್ಷಗಳ ಹಿಂದೆ ಅಲ್ಲಿ ನಡೆದ ಗಲಭೆಯಲ್ಲಿ ಸತ್ತವರ ವಾರಸುದಾರರಿಗೆ ಅರವತ್ತು ವರ್ಷ ಕಳೆದ ಮೇಲೆ ಮನೆಗಳನ್ನು ಮರಳಿಸಬೇಕೆಂದು ನ್ಯಾಯಾಲಯ ವಿಧಿಸಿದೆ. ಕಾಗದದ ಜೊತೆ ಕೆಂಪು ಬುರುಜುಗಳ ಚಿತ್ರವೂ ಇರುತ್ತದೆ; ಅದು ಬಹಳ ಸುಂದರವಾಗಿರುತ್ತದೆ. ನೀವು ಹೋಗುವಿರೋ ಬಿಡುವಿರೋ ಎಂದು ಮನೆಮಂದಿಯೆಲ್ಲ ಕುಳಿತು ಮಾತಾಡುವ ಮೊದಲು ಇಷ್ಟು ತಿಳಿದಿರಬೇಕು: ಆ ಮನೆಯ ಮುಂದೆ ಮುಕ್ತಾಳ ತಂದೆಯನ್ನು ಬಡಿದು ಕೊಂದರು. ಆ ಮನೆಯ ಕದದ ಹಿಂದೆ ಅವಳ ತಾಯಿಯನ್ನು ಕೊಂದರು. ಅವರನ್ನು ಆ ಊರಿಗೆ ಕರೆಸಿಕೊಂಡವಳು ನಾನು.

ಅಟ್ಟಣೆಪುರವೆಂದರೆ ಮುಳುಗಿದ ಊರುಗಳ ಜನರಿಗಾಗಿ ಕಟ್ಟಿದ ಅರವತ್ತು ನೆಲೆಗಳ ಗೋಪುರಗಳ ಸಾಲು. ಇಲ್ಲಿ ದಿನಕ್ಕೆರಡು ಸಲ ಅರ್ಧ ತಾಸು ನೀರುಗಂಟೆ ಬಾರಿಸುತ್ತದೆ. ಗಂಟೆ ನಿಂತ ಮೇಲೆ ನಳದಲ್ಲಿ ಹನಿಯೂ ಬೀಳುವುದಿಲ್ಲ. ಆ ಅರ್ಧ ತಾಸಿನಲ್ಲಿ ಕೊಡಗಳಿಂದ ತಲೆ ಒಡೆಯುವುದು ಇಲ್ಲಿಯ ನಿತ್ಯವಿಧಿ. ನನ್ನ ತಮ್ಮ ಚನ್ನಮಲ್ಲನ ಹುಬ್ಬಿಗೆ ಏಳು ಹೊಲಿಗೆ ಬಿದ್ದ ವಾರವೇ ನಾನು ಕೆಂಬರೆಯಿಂದ ಅವನಿಗೆ ಹನ್ನೆರಡು ಪುಟಗಳ ಪತ್ರ ಬರೆದೆ. ನಾನು ಆಗ ಕೋಟೆಯ ಶಾಲೆಯಲ್ಲಿದ್ದೆ. ಒಳಗೆ ಬತ್ತದ ಬಾವಿಯಿದೆ, ಮಗಳಿಗೆ ಕನ್ನಡ ಶಾಲೆಯಿದೆ, ಅಂಗಳವಿದೆ ಎಂದು ಬರೆದು, ಅಂಗಳವೆಂಬ ಮಾತಿನ ಕೆಳಗೆ ಎರಡು ಗೆರೆ ಎಳೆದೆ. ಪ್ರತಿಯಾಗಿ ಮಾಡಬೇಕಾದದ್ದು ತೆರೆಬಾಗಿಲು ಕರಾರಿಗೆ ಒಪ್ಪುವುದು. ನೋಟಗಾರರು, ಅಂದರೆ ಊರು ನೋಡಲು ಬರುವವರು, ಬೆಳಿಗ್ಗೆಯಿಂದ ಸಂಜೆಯವರೆಗೆ ಯಾವ ಮನೆಯೊಳಗೆ ಬೇಕಾದರೂ ಬರಬಹುದು. ಮನೆಯವರು ಹಳೆಯ ಕಾಲದ ಉಡುಪು ತೊಟ್ಟು, ಹಳೆಯ ಕಾಲದ ಕೆಲಸ ಮಾಡುತ್ತಿರಬೇಕು. ಯಾರೂ ಬಾಗಿಲು ಹಾಕಿಕೊಳ್ಳಬಾರದೆಂದು ಕರಾರಾದ ದಿನವೇ ಅಗಳಿಯನ್ನು ಬಿಚ್ಚಿ ಒಯ್ಯುತ್ತಿದ್ದರು. ಕದದ ಹಿಂದೆ ಅಡ್ಡ ಹಾಕುವ ಮರದ ದಪ್ಪ ಪಟ್ಟಿಯೇ ಅಗಳಿ.

ಚನ್ನಮಲ್ಲನಿಗೆ ಮನಸ್ಸಿತ್ತು. ಅವನ ಹೆಂಡತಿ ಸುಗಲಾಳಿಗೆ ಇರಲಿಲ್ಲ. ಮನೆ ನೋಡಲು ಬಂದಾಗ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಮಂದಿ ಮುಂದ ಕುಂತು ರೊಟ್ಟಿ ಬಡೀಬೇಕಂತ! ನಾ ಏನ್ ಸರ್ಕಸ್ಸಿನ ಆನಿ ಏನ್ರೀ ಅಕ್ಕಾ?" ಎಂದಳು. ತಮ್ಮ ನಕ್ಕು, "ನಿನ್ನ ರೊಟ್ಟಿ ನೋಡಾಕ ದೇಶಾವರಿ ಮಂದಿ ಬರ್ತಾರಂದ್ರ, ಇಷ್ಟು ವರ್ಷ ಪುಕ್ಕಟೆ ತಿಂದ ನಾನೇ ಪುಣ್ಯವಂತ ಬಿಡು" ಎಂದ. ಅವಳು ನಗಲಿಲ್ಲ. ಬಾಗಿಲ ಚೌಕಟ್ಟಿನಲ್ಲಿ ಅಗಳಿ ಕೂರುವ ತೂತಿನೊಳಗೆ ಬೆರಳಿಟ್ಟು, "ಕೆಟ್ಟ ದಿನ ಬಂದ್ರ ಇಲ್ಲಿ ಏನ್ ಹಚ್ಚೂದ್ರೀ?" ಎಂದು ಕೇಳಿದಳು. ಕೋಟೆಗೇ ಏಳು ಬಾಗಿಲುಗಳಿರುವಾಗ ಮನೆಗೊಂದು ಅಗಳಿ ಏಕೆ ಎಂದು ನಾನು ಉತ್ತರಿಸಿದೆ. ವಾಕ್ಯ ಚೆನ್ನಾಗಿ ಬಂತೆಂದು ಆ ದಿನವೆಲ್ಲ ಹಿಗ್ಗಿದ್ದೆ.

ಅವರು ಬಂದರು. ಮುಕ್ತಾಳಿಗೆ ಆಗ ಆರು ವರ್ಷ. ನೋಡಲು ಬಂದವರು ಬರಿಯ ನೋಡಿ ಹೋಗುವುದಿಲ್ಲ ಎಂಬುದು ಸುಗಲಾಳಿಗೆ ಮೊದಲ ತಿಂಗಳಲ್ಲಿಯೇ ತಿಳಿಯಿತು. ಬೀಸುವ ಹೆಂಗಸರ ತೋಳು ಚಿವುಟಿ ನಿಜವಾದ ಮಾಂಸವೋ ಎಂದು ನೋಡುವವರಿದ್ದರು. ಒಬ್ಬ ಕಾದ ಹಂಚಿನ ಮೇಲೆ ಅವಳ ಅಂಗೈಯನ್ನೇ ಒತ್ತಿ, ಹಳೆಯ ಕಾಲದವರಿಗೆ ನೋವಾಗುತ್ತಿರಲಿಲ್ಲವಂತೆ ಎಂದು ಜೊತೆಯವರಿಗೆ ವಿವರಿಸಿದ. ನಾನು ಕೋಟೆಯನ್ನು ನಡೆಸುವ ಮಂಡಳಿಗೆ ದೂರು ಬರೆದೆ; ಮಂಡಳಿಯವರು ಮುಲಾಮು ಕಳಿಸಿದರು. ಪ್ರತಿ ಮಾರ್ಗಶಿರದಲ್ಲಿ ಮುತ್ತಿಗೆ ಹಬ್ಬ, ಅಂದರೆ ಕೋಟೆಗೆ ಹಿಂದೆ ಬಿದ್ದ ಮುತ್ತಿಗೆಯನ್ನು ಆಡಿ ತೋರಿಸುವ ಆಟ. ನೋಟಗಾರರಲ್ಲಿ ಅರ್ಧ ಜನ ಹಸಿರು ರುಮಾಲು ಸುತ್ತಿ ದಾಳಿಗಾರರಾಗುತ್ತಿದ್ದರು, ಅರ್ಧ ಜನ ಕೆಂಪು ರುಮಾಲು ಸುತ್ತಿ ಕೋಟೆಯ ಪಡೆಯಾಗುತ್ತಿದ್ದರು. ಕೈಗೆ ಬಟ್ಟೆ ಸುತ್ತಿದ ದೊಣ್ಣೆ ಕೊಡುತ್ತಿದ್ದರು. ಹಬ್ಬದ ಮರುದಿನ ಶಾಲೆಯಲ್ಲಿ ಕೈ ಮುರಿದ ಮಕ್ಕಳ ಹಾಜರಿ ಹಾಕುವುದು ನನಗೆ ರೂಢಿಯಾಗಿತ್ತು. ಇದನ್ನು ಇಷ್ಟು ಶಾಂತವಾಗಿ ಬರೆಯುತ್ತಿರುವೆನೆಂದು ಆಶ್ಚರ್ಯಪಡಬೇಡಿ. ಆಗಲೂ ಇಷ್ಟೇ ಶಾಂತವಾಗಿದ್ದೆ; ಅದೇ ನನ್ನ ಮೊದಲ ತಪ್ಪು.

ಎರಡನೆಯದು ಹೆಚ್ಚು ಘೋರವಾದದ್ದು. ಹಬ್ಬದ ಕಥೆಯಲ್ಲಿ ಆನೆಗಳು ತಮ್ಮನ ಮನೆಯ ಪಕ್ಕದ ಕೋಟೆ ಬಾಗಿಲನ್ನು, ಅಂದರೆ ಬಾವಿ ಬಾಗಿಲನ್ನು, ಒಡೆದು ಶತ್ರುಗಳು ಒಳನುಗ್ಗುತ್ತಿದ್ದರು. ಗುಡಿಯ ಪೆಟ್ಟಿಗೆಯೊಂದರಲ್ಲಿ ನನಗೆ ಒಂದು ಕಡತ ಸಿಕ್ಕಿತು. ಹುಣಸೆ ಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಮಡಿಕೆ ಪುಸ್ತಕ. ಅದರ ಪ್ರಕಾರ ಬಾಗಿಲನ್ನು ಯಾವ ಆನೆಯೂ ಒಡೆಯಲಿಲ್ಲ. ದಳವಾಯಿ ಬಾವಿಯ ನೀರನ್ನು ತನ್ನ ಕುದುರೆಗಳಿಗೆ ಮಾತ್ರ ಎಂದು ಕಾವಲಿಟ್ಟು, ಮಕ್ಕಳು ನಾಲಗೆ ಬಾತು ಸಾಯತೊಡಗಿದಾಗ, ಬಾಗಿಲು ಕಾಯುವವನು ತಾನೇ ಬಾಗಿಲು ತೆರೆದ. ಕೋಟೆಯ ಪಡೆ ಅವನನ್ನು ಅಲ್ಲಿಯೇ ಬಡಿದು ಕೊಂದಿತು. ನಾಲ್ಕು ವರ್ಷ ಮಂಡಳಿಯೊಡನೆ ಜಗಳವಾಡಿ ನಾನು ಆಟವನ್ನು ತಿದ್ದಿಸಿದೆ. ಬಾಗಿಲು ಕಾಯುವವನ ವೇಷವನ್ನು ಅವನ ಮನೆಯಲ್ಲಿ ಈಗ ಇರುವ ಚನ್ನಮಲ್ಲನೇ ಹಾಕಬೇಕು, ಸಾವನ್ನೂ ತೋರಿಸಬೇಕು ಎಂದು ಹಟ ಹಿಡಿದೆ. ನನ್ನ ಹಳೆಯ ವಿದ್ಯಾರ್ಥಿ ಈರಬಸು ಪ್ರತಿ ವರ್ಷ ಹಬ್ಬಕ್ಕೆ ನೋಟಗಾರನಾಗಿ ಬರುತ್ತಿದ್ದ. ತರಗತಿಯಲ್ಲಿಯೂ ಬಾಯಿಬಡುಕ, ನಲವತ್ತು ದಾಟಿದರೂ ಹಾಗೆಯೇ. ಅವನು ಕೇಳಿ, "ಅಕ್ಕೋರ, ಸತ್ತವರ ತಪ್ಪು ತಿದ್ದಿ ಯಾರಿಗೆ ಮಾರ್ಕ್ಸ್ ಕೊಡಾವ್ರಿದ್ದೀರಿ?" ಎಂದ. ಎಂಟನೆಯ ತರಗತಿಯಲ್ಲಿ ನಿನಗೆ ಕೊಟ್ಟದ್ದಕ್ಕಿಂತ ಹೆಚ್ಚು ಎಂದೆ. ಅವನು ಜೋರಾಗಿ ನಕ್ಕ.

ಆ ವರ್ಷ ಹಬ್ಬಕ್ಕೆ ಎಂಟು ಸಾವಿರ ಜನ ಬಂದಿದ್ದರು. ಕಥೆ ಬದಲಾಗಿದೆ ಎಂಬ ಸುದ್ದಿಗೆ ಕೆಂಪು ರುಮಾಲಿನವರು ಮೊದಲೇ ಕುದಿಯುತ್ತಿದ್ದರು. ತಾವಾಗಿ ಶರಣಾಗದ ಕೋಟೆಯ ಸೈನಿಕರಾಗಿ ಹತ್ತು ಹದಿನೈದು ವರ್ಷ ಕುಣಿದವರಿಗೆ ತಮ್ಮೊಳಗೇ ಒಬ್ಬ ಬಾಗಿಲು ತೆರೆದನೆಂಬುದು ಸಹಿಸದ ಮಾತು. ಬೆಳಿಗ್ಗೆ ಚನ್ನಮಲ್ಲ ವೇಷ ತೊಟ್ಟು ನನ್ನ ಬಳಿ ಬಂದ. "ಅಕ್ಕಾ, ಮಂದಿ ಮಾರಿ ನೋಡೀಯೇನು? ದೊಣ್ಣಿಗೆ ಸುತ್ತಿದ ಬಟ್ಟಿ ಬಿಚ್ಚಾಕತ್ಯಾರ. ಈ ಸಲ ಬ್ಯಾಡವಾ." ಮೂರು ತಿಂಗಳು ತಾಲೀಮು ಮಾಡಿ ಈಗ ಅಂಜುವೆಯಾ ಎಂದು ನಾನು ಗದರಿಸಿದೆ. ಅವನು ಚಿಕ್ಕಂದಿನಲ್ಲಿ ಮಗ್ಗಿ ತಪ್ಪಿದಾಗ ಹೇಗೆ ತಲೆ ತಗ್ಗಿಸುತ್ತಿದ್ದನೋ ಹಾಗೆ ತಗ್ಗಿಸಿ ಹೋದ.

ನಾನು ಬಾಗಿಲ ಮೇಲಿನ ಬುರುಜಿನಲ್ಲಿ ಆಟದ ಪ್ರತಿ ಹಿಡಿದು ನಿಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವನು ಕೋಟೆಯ ಬಾಗಿಲು ತೆರೆದ. ಕೆಂಪು ರುಮಾಲುಗಳು ಅವನನ್ನು ಮುತ್ತಿದವು. ಮೊದಲ ಏಟುಗಳು ಪ್ರತಿಯಲ್ಲಿ ಬರೆದಂತೆಯೇ ಬಿದ್ದವು. ಅವನು ಕೂಗಿದ, ಮೊದಲ ಸಲಕ್ಕೆ ಚೆನ್ನಾಗಿ ಅಭಿನಯಿಸುತ್ತಿದ್ದಾನೆ ಎಂದುಕೊಂಡೆ. ಅವನ ದವಡೆ ಪಕ್ಕಕ್ಕೆ ಜೋತುಬಿದ್ದಿತು. ಒಬ್ಬ ಅವನ ಮೊಣಕಾಲಿನ ಮೇಲೆ ಎರಡೂ ಕಾಲಿಟ್ಟು ಜಿಗಿದ. ಸೌದೆ ಮುರಿದಂತೆ ಸದ್ದು ಬುರುಜಿನವರೆಗೆ ಕೇಳಿಸಿತು. ನಾನು ಪುಟ ತಿರುವುತ್ತಿದ್ದೆ. ಮುಂದಿನ ಸಾಲಿನಲ್ಲಿ ಅವನು ಸತ್ತ ಮೇಲೆ ಎಲ್ಲರೂ ಹಿಂದೆ ಸರಿಯಬೇಕೆಂದಿತ್ತು. ಯಾರೂ ಸರಿಯಲಿಲ್ಲ.

ಅಲ್ಲಿಂದ ಆಟದ ಸಾಮಾನುಗಳೆಲ್ಲ ಒಂದೊಂದಾಗಿ ನಿಜವಾದವು. ದ್ರೋಹಿಯ ಮನೆ ಎಂದು ಕೂಗುತ್ತ ಕೆಲವರು ಮನೆಯ ಕಡೆಗೆ ನುಗ್ಗಿದರು. ಸುಗಲಾ ಮಗಳನ್ನು ನಡುಮನೆಯ ಹಗೇವಿನೊಳಗೆ, ಅಂದರೆ ನೆಲದೊಳಗಿನ ಜೋಳದ ಹಳ್ಳದೊಳಗೆ, ಇಳಿಸಿ ಕಲ್ಲು ಮುಚ್ಚಿದಳು. ಆಮೇಲೆ ಕದ ಮುಚ್ಚಿದಳು. ಅಗಳಿ ಇರಲಿಲ್ಲ. ಬೆನ್ನನ್ನು ಕದಕ್ಕೆ ಕೊಟ್ಟು, ಕಾಲನ್ನು ಬೀಸುವ ಕಲ್ಲಿಗೆ ಒತ್ತಿ ಕುಳಿತಳು. ಹಬ್ಬದ ಅಲಂಕಾರಕ್ಕಿಟ್ಟಿದ್ದ ಭರ್ಜಿಯೊಂದು ಕದ ಸೀಳಿ ಅವಳ ಬೆನ್ನಿನಿಂದ ಎದೆಗೆ ಬಂದಿತ್ತು. ಕಾಲು ಆಗಲೂ ಕಲ್ಲಿನ ಮೇಲೆಯೇ ಇತ್ತು ಎಂದು ನೋಡಿದವರು ಹೇಳಿದರು.

ಕೋಟೆಯೊಳಗಿನ ಊರಿನವರು ತಿರುಗಿಬಿದ್ದು ಬುರುಜಿಗೆ ಏರಿದರು. ಬುರುಜಿನಲ್ಲಿ ಮೂರು ಕಂಚಿನ ಕೊಪ್ಪರಿಗೆಗಳಿದ್ದವು. ಕುದಿಯುವ ಎಣ್ಣೆಯೆಂದು ತೋರಿಸಲು ಪ್ರತಿ ವರ್ಷ ಅವುಗಳಲ್ಲಿ ಅರಿಸಿನದ ನೀರು ತುಂಬಿಸುತ್ತಿದ್ದರು. ಆ ದಿನ ಪಕ್ಕದ ಅಡುಗೆಸಾಲಿನಲ್ಲಿ ಎಂಟು ಸಾವಿರ ಜನರಿಗೆ ಮಿರ್ಚಿ ಕರಿಯಲು ಎಣ್ಣೆ ಕಾಯುತ್ತಿತ್ತು. ಅದನ್ನು ಹೊತ್ತು ತಂದು ಕೊಪ್ಪರಿಗೆಗಳಿಗೆ ಸುರಿದರು. ಮೊದಲ ಕೊಪ್ಪರಿಗೆ ಬಗ್ಗಿದಾಗ ಕೆಳಗಿನವರು ಇನ್ನೂ ಆಟವೆಂದು ಮುಖ ಮೇಲೆತ್ತಿ ನಗುತ್ತಿದ್ದರು. ಆ ಮುಖಗಳನ್ನು ವರ್ಣಿಸುವುದಿಲ್ಲ. ಎರಡನೆಯದು ಬಗ್ಗಿದಾಗ ಯಾರೂ ನಗುತ್ತಿರಲಿಲ್ಲ. ಮೂರನೆಯ ಕೊಪ್ಪರಿಗೆಯ ಒಂದು ಹಿಡಿಕೆಯನ್ನು ನಾನು ಹಿಡಿದೆ. ಕೆಳಗೆ ಗೋಡೆಯ ಬುಡದಲ್ಲಿ ಕೆಂಪು ರುಮಾಲಿನವನೊಬ್ಬ ನನ್ನ ತಮ್ಮನ ದೇಹವನ್ನು ಕಂಕುಳಲ್ಲಿ ಹಿಡಿದು ಎಳೆಯುತ್ತಿದ್ದ. ಸತ್ತವನನ್ನೂ ಬಿಡಲೊಲ್ಲ ಎಂದುಕೊಂಡೆ, ಬಗ್ಗಿಸಿದೆ.

ಅವನು ಈರಬಸು. ಏಟುಗಳ ನಡುವೆ ಚನ್ನಮಲ್ಲನ ಮೇಲೆ ಮಲಗಿ ತನ್ನ ಬೆನ್ನು ಕೊಟ್ಟು, ಆಮೇಲೆ ಅವನನ್ನು ಗೋಡೆಯ ಮರೆಗೆ ಎಳೆಯುತ್ತಿದ್ದ. ಮುಖ ಮೇಲೆತ್ತಿ "ಅಕ್ಕೋರ, ನಾನ್ರೀ!" ಎಂದು ಕೂಗಿದ. ಆ ಕೂಗು ಹಿಡಿಕೆ ಬಿಡುವ ಮೊದಲು ಕೇಳಿಸಿತೋ, ಬಿಟ್ಟ ಮೇಲೆ ಕೇಳಿಸಿತೋ? ನನ್ನ ಜೀವಮಾನದಲ್ಲಿ ನಾನು ಖಚಿತವಾಗಿ ಹೇಳಲಾರದ ಸಂಗತಿ ಇದೊಂದೇ. ಅವನು ಮೂರು ದಿನ ಬದುಕಿದ್ದ. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ತುಟಿ ಉಳಿದಿರಲಿಲ್ಲ, ಆದರೂ ಮಾತಾಡಿದ. "ನಿಮ್ಮ ತಮ್ಮ ಇನ್ನೂ ಉಸುರಾಡಾಕತ್ತಿದ್ದ ರೀ, ಅಕ್ಕೋರ."

ಸಂಜೆಯ ಹೊತ್ತಿಗೆ ನೂರ ಹದಿಮೂರು ಹೆಣಗಳಾಗಿದ್ದವು. ಎಣ್ಣೆ ಸುರಿದವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಮುದುಕಿಯನ್ನು ಯಾರೂ ಗಮನಿಸಿರಲಿಲ್ಲ. ನಾನೇ ಹೋಗಿ ಬರೆಸಿದೆ. ಒಂಬತ್ತು ವರ್ಷ ಸೆರೆಮನೆಯಲ್ಲಿದ್ದೆ. ಹಗೇವಿನಿಂದ ಬದುಕಿ ಬಂದ ಮುಕ್ತಾಳನ್ನು ಅವಳ ತಾಯಿಯ ಕಡೆಯವರು ಅಟ್ಟಣೆಪುರದಲ್ಲಿ ಸಾಕಿದರು. ನಾನು ಬಿಡುಗಡೆಯಾದ ಮೇಲೆ ಅವಳು ನನ್ನನ್ನು ಮನೆಗೆ ಸೇರಿಸಿಕೊಂಡಳು. ಏಕೆಂದು ಕೇಳುವ ಧೈರ್ಯ ನನಗಾಗಿಲ್ಲ. ಹೋದ ವರ್ಷ ಒಮ್ಮೆ ಅಕ್ಕಿ ಆರಿಸುತ್ತ, "ಅತ್ತೀ, ಆ ಕಡತದಾಗ ಬಾಗಲಾ ಕಾಯಾಂವನ ಹೆಂಡ್ತಿ ಹೆಸರಿತ್ತೇನು?" ಎಂದು ಕೇಳಿದಳು. ಇರಲಿಲ್ಲ ಎಂದೆ. "ನೀವೂ ಹುಡುಕಿರಲಿಲ್ಲ" ಎಂದಳು. ಹೌದು, ಹುಡುಕಿರಲಿಲ್ಲ.

ಹೋಗಬೇಡಿ ಎಂದು ಬರೆಯಲು ಕುಳಿತವಳು ನಾನು. ಆದರೆ ಇಲ್ಲಿಯ ನೀರುಗಂಟೆಗೂ ತಲೆಗಳು ಒಡೆಯುತ್ತಿವೆ; ಮೊನ್ನೆಯೂ ಒಬ್ಬಳು ಸತ್ತಳು. ಅಲ್ಲಿಯ ಬಾವಿ ಇನ್ನೂ ಬತ್ತಿಲ್ಲವಂತೆ. ಎಲ್ಲಿ ಬದುಕಬೇಕೆಂದು ಇನ್ನೊಂದು ಸಂಸಾರಕ್ಕೆ ನಾನು ಮತ್ತೆ ಹೇಳಲಾರೆ. ಪರೀಕ್ಷಿಸುವುದು ಹೇಗೆಂದು ಮಾತ್ರ ಹೇಳುತ್ತೇನೆ.

ಈ ಪತ್ರದ ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಮರದ ತುಂಡೊಂದಿದೆ. ಅದು ಆ ಮನೆಯ ಅಗಳಿ. ಮೊಕದ್ದಮೆ ಮುಗಿದ ಮೇಲೆ ಮಂಡಳಿಯ ಉಗ್ರಾಣದಿಂದ ಮುಕ್ತಾಳ ಕೈಗೆ ಬಂತು. ಕಾಗದ ಬಂದಾಗ ಇಡೀ ಸಂಸಾರ ಹೊರಡಬೇಡಿ. ಒಬ್ಬರು ಇದನ್ನು ಹಿಡಿದು, ನೋಟಗಾರರು ತುಂಬಿರುವ ಹಾಡುಹಗಲಿನಲ್ಲಿ ಹೋಗಿ. ಬುರುಜುಗಳನ್ನು ನೋಡಬೇಡಿ, ನನ್ನ ಕಣ್ಣು ನನಗೆ ಎರಡು ಸಲ ಸುಳ್ಳು ಹೇಳಿತು, ನಿಮ್ಮದೂ ಹೇಳೀತು. ನೇರವಾಗಿ ಮನೆಯೊಳಗೆ ಹೋಗಿ, ಕದ ಮುಚ್ಚಿ, ಚೌಕಟ್ಟಿನ ತೂತಿಗೆ ಅಗಳಿಯನ್ನು ಸರಿಸಿ ನೋಡಿ. ತೂತಿಗೆ ಗಾರೆ ಮೆತ್ತಿದ್ದರೆ, ಅಥವಾ ಹೊರಗಿನಿಂದ ಯಾರಾದರೂ ಕದ ಬಡಿದು ತೆರೆಯಿರಿ ಎಂದು ಆಜ್ಞೆ ಮಾಡಿದರೆ, ಆ ಸಂಜೆಯೇ ತಿರುಗಿ ಬನ್ನಿ. ಅಗಳಿ ಸರಿಯಾಗಿ ಕೂತು, ಹೊರಗಿನವರು ಮುಚ್ಚಿದ ಕದವನ್ನು ನೋಡಿ ಸುಮ್ಮನೆ ಮುಂದೆ ನಡೆದರೆ, ಸಂಸಾರವನ್ನು ಕರೆಸಿಕೊಳ್ಳಿ.

ತೆರೆಯುವ ಮೊದಲು ಕದದ ಒಳಮೈಯನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿ. ಕೂತವರ ಬೆನ್ನಿನ ಎತ್ತರದಲ್ಲಿ ಒಂದು ಸೀಳು ಸಿಗುತ್ತದೆ. ಅಲ್ಲಿ ಸುಗಲಾ ಎಂದು ಕೆತ್ತಿಸಿ. ಲಕಾರಕ್ಕೆ ದೀರ್ಘ ತಪ್ಪದಿರಲಿ.

ಇತಿ,
ನೀಲಗಂಗಾ
ನಿವೃತ್ತ ಶಿಕ್ಷಕಿ