ತವರಿಗೆ ಬಂದ ಕೊಕ್ಕರೆಗಳು

ಅಪ್ಪಾಜಿಗೆ ಹರ್ಷಿತಾಳ ನಮಸ್ಕಾರ.

ಕೊಕ್ಕರೆ ಮರಿಗಳು ಹಾರುವವರೆಗೆ ಕೆರೆಯ ತೂಬು ಎತ್ತಬಾರದೆಂಬುದು ನಮ್ಮೂರ ಕಟ್ಟಳೆ. ಕೊಕ್ಕರೆಗಳು ತವರಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳೆಂದು ನನಗೆ ಹೇಳಿಕೊಟ್ಟವರು ನೀವು. ತೆಂಗಿನ ತೋಟಕ್ಕೆ ನೀರು ಹರಿಸಲು ಈ ಸಲ ತೂಬು ಎತ್ತಿದವರೂ ನೀವೇ. ನೀರಿಳಿದು, ಕೊಕ್ಕರೆಗಳು ಗೂಡು ಕಟ್ಟಿದ್ದ ಗಿಡ್ಡ ಜಾಲಿಮರಗಳ ಬುಡ ಬತ್ತಿತು. ನಾಯಿಗಳು ಗೂಡಿನವರೆಗೂ ನಡೆದುಹೋದವು. "ಬಾಣಂತಿ ಕೋಣೆಗೆ ನಾಯಿ ಬುಟ್ಟಂಗಾಯ್ತಲ್ಲೋ" ಎಂದು ಅಜ್ಜಿ ಅತ್ತರೂ ನೀವು ತಟ್ಟೆಯಿಂದ ತಲೆ ಎತ್ತಲಿಲ್ಲ.

ನಾನೂ ಹೆರಿಗೆಗೆಂದೇ ಬಂದವಳು. ಕುಣಿಗಲ್ ಬಸ್ಸು ಹಿಡಿದು ಅಂತರಸನಹಳ್ಳಿಗೆ, ಗಂಡನ ಮನೆಗೆ ಹೊರಟಿದ್ದೇನೆ. ತೊಟ್ಟಿಲು ಅಟ್ಟದಿಂದ ಇಳಿಸಬೇಡಿ.

ಇವತ್ತೇ ತೂಬು ಮುಚ್ಚಿಸಿ. ನಡುನೀರಿನ ಗೂಡುಗಳಾದರೂ ಉಳಿಯಲಿ.

ನಮ್ಮ ನಾಯಿ ಭೀಮನ ಬಾಯಲ್ಲಿ ಗರಿ ಕಂಡರೆ ಹೊಡೆಯಬೇಡಿ. ತೂಬು ಎತ್ತಿದ್ದು ಅದಲ್ಲ.

ನಿಮ್ಮ ಮಗಳು,
ಹರ್ಷಿತಾ